ಮಾಗಿ ಚಳಿ, ಟೊಮೆಟೊ ಪೈರು ಮತ್ತು ಒಂದು ಚೊಂಬು ನೀರು

(ಮೈಸೂರಿನಲ್ಲಿ ತಾರಸಿ ಮತ್ತು ಹಿತ್ತಲ ತೋಟ ಮಾಡುವವರ ಮುಂದೆ ಜನವರಿಯ ಒಂದು ಭಾನುವಾರ ಆಡಿದ ಮಾತಿನ ಬರಹ ರೂಪ. ನಡುವೆ ಸಭಿಕರು ಕೇಳಿದ ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಸಂಘಟಕರು ನನಗೆ ಕೊಟ್ಟ ವಿಷಯ ‘ವಸಂತದ ಕೊನೆಯ ಚಳಿಯಿಂದ ಟೊಮೆಟೊ ಸಸಿಗಳ ರಕ್ಷಣೆ’. ಫೋನಿನಲ್ಲಿ ಕೇಳಿದಾಗಲೇ ನಗು ಬಂತು. ನಮ್ಮ ವಸಂತ ಶುರುವಾಗುವುದೇ ಯುಗಾದಿಗೆ. ಆ ಹೊತ್ತಿಗೆ ಮೈಸೂರಿನಲ್ಲಿ ಫ್ಯಾನ್ ಹಾಕಿಕೊಂಡು ಹೋಳಿಗೆ ತಿನ್ನುತ್ತಿರುತ್ತೇವೆ. ವಸಂತದ ಕೊನೆ ಅಂದರೆ ಮೇ ತಿಂಗಳು. ಆಗ ಸಸಿಗೆ ನೆರಳು ಮಾಡಬೇಕೇ ಹೊರತು ಚಳಿಗೆ ಹೊದಿಸಬೇಕಾಗಿಲ್ಲ.

ಆದರೂ ವಿಷಯ ಬದಲಿಸಿ ಎನ್ನಲಿಲ್ಲ. ಈ ಮಾತು ಎಲ್ಲಿಂದ ಬಂದಿದೆ ಎಂದು ಗೊತ್ತಿತ್ತು. ನೀವು ಮೊಬೈಲಿನಲ್ಲಿ ನೋಡುವ ತೋಟಗಾರಿಕೆಯ ವಿಡಿಯೊಗಳಲ್ಲಿ ಅರ್ಧಕ್ಕರ್ಧ ಇಂಗ್ಲೆಂಡು, ಅಮೆರಿಕ, ಕೆನಡಾದವು. ಅವರು ಏಪ್ರಿಲ್, ಮೇನಲ್ಲಿ ಮಾಡುವುದನ್ನು ನಾವು ಇಲ್ಲಿ ಡಿಸೆಂಬರ್, ಜನವರಿಯಲ್ಲಿ ಮಾಡುತ್ತೇವೆ. ಸಸಿ ಮಲಗುತ್ತದೆ. ಆಮೇಲೆ ನಮ್ಮ ನರ್ಸರಿಗೆ ಬಂದು ‘ಈ ಸಲ ಚಳಿಗೆ ಹೋಯ್ತು ಸಾರ್, ಇನ್ನೊಂದು ಇಪ್ಪತ್ತು ಪೈರು ಕೊಡಿ’ ಎನ್ನುತ್ತೀರಿ. ನಾನು ಕೊಡುತ್ತೇನೆ, ನನಗೇನು ನಷ್ಟವಿಲ್ಲ. ಆದರೆ ಅವುಗಳಲ್ಲಿ ಬಹುಪಾಲು ಚಳಿಗೆ ಹೋಗಿರುವುದಿಲ್ಲ, ಚಳಿಗಾಲದಲ್ಲಿ ಹಾಕಿದ ನೀರಿಗೆ ಹೋಗಿರುತ್ತವೆ. ಇವತ್ತು ಹೇಳಬೇಕೆಂದಿರುವುದು ಇದೊಂದೇ. ಉಳಿದದ್ದೆಲ್ಲ ಇದರ ವಿವರ.

ಮೊದಲು ಅವರ ಚಳಿ ಎಂಥದ್ದು ನೋಡೋಣ. ಜರ್ಮನಿ, ಆಸ್ಟ್ರಿಯಾ ಕಡೆ ಮೇ 11ರಿಂದ 15ರವರೆಗಿನ ದಿನಗಳಿಗೆ ‘ಹಿಮದ ಸಂತರ’ ದಿನಗಳು ಎಂದು ಹೆಸರು. ಮಾಮೆರ್ಟಸ್, ಪ್ಯಾಂಕ್ರಾಸ್, ಸರ್ವೇಶಿಯಸ್, ಬೋನಿಫೇಸ್ ಎಂಬ ಸಂತರ ದಿನಗಳು ಒಂದರ ಹಿಂದೊಂದು ಬಂದು, 15ಕ್ಕೆ ಸೋಫಿಯಾಳ ದಿನ. ಆಕೆಯನ್ನು ‘ಚಳಿ ಸೋಫಿ’ ಎಂದೇ ಕರೆಯುತ್ತಾರೆ. ಸೋಫಿ ದಾಟುವ ತನಕ ಟೊಮೆಟೊ ಸಸಿಯನ್ನು ಹೊರಗೆ ನೆಡಬಾರದು ಎನ್ನುವುದು ಅಲ್ಲಿನ ಹಳೇ ರೂಢಿ. ನಮ್ಮವರು ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಓಡಿಹೋಗುತ್ತೆ ಅನ್ನುತ್ತಾರಲ್ಲ, ಅದೇ ಲೆಕ್ಕ. ವ್ಯತ್ಯಾಸ ಇಷ್ಟೇ, ಅವರ ಚಳಿ ಹೋಗುವ ಮುಂಚೆ ಒಂದೇ ರಾತ್ರಿಯಲ್ಲಿ ಇಡೀ ತೋಟವನ್ನು ಮುಗಿಸಿ ಹೋಗಬಲ್ಲದು.

ಮೋಡವಿಲ್ಲದ, ಗಾಳಿ ನಿಂತ ರಾತ್ರಿ ನೆಲ ಮತ್ತು ಎಲೆ ತಮ್ಮ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತಾ ಹೋಗುತ್ತವೆ. ಎಲೆಯ ಉಷ್ಣತೆ ಸುತ್ತಲಿನ ಗಾಳಿಗಿಂತಲೂ ಕೆಳಗಿಳಿಯುತ್ತದೆ. ಸೊನ್ನೆ ಮುಟ್ಟಿ ಇನ್ನೂ ಸ್ವಲ್ಪ ಇಳಿದರೆ ಎಲೆಯೊಳಗಿನ ನೀರು ಹೆಪ್ಪುಗಟ್ಟಿ ಜೀವಕೋಶ ಒಡೆಯುತ್ತದೆ. ಬೆಳಿಗ್ಗೆ ಬಿಸಿಲು ಬಿದ್ದಾಗ ಸಸಿ ಬಿಸಿನೀರು ಹುಯ್ದ ಸೊಪ್ಪಿನ ಹಾಗೆ ಕಪ್ಪಗೆ ಜೋತುಬಿದ್ದಿರುತ್ತದೆ. ಟೊಮೆಟೊ ಇದನ್ನು ತಡೆಯುವ ಗಿಡವಲ್ಲ. ಅದರ ಮೂಲ ದಕ್ಷಿಣ ಅಮೆರಿಕದ ಪಶ್ಚಿಮ ಭಾಗ, ಪೆರು, ಈಕ್ವೆಡಾರ್ ಸೀಮೆ. ಬೆಳೆಯಾಗಿ ಪಳಗಿದ್ದು ಮೆಕ್ಸಿಕೊದಲ್ಲಿ. ಹಾಗಾಗಿ ಅಲ್ಲಿನವರ ಉಪಾಯಗಳೆಲ್ಲ ಒಂದೇ ಗುರಿಯವು: ಆ ಒಂದು ರಾತ್ರಿ ಎಲೆ ಸೊನ್ನೆಗಿಂತ ಕೆಳಗೆ ಇಳಿಯಬಾರದು. ಅದಕ್ಕೇ ಬಟ್ಟೆ ಹೊದಿಸುತ್ತಾರೆ, ಗಂಟೆಯಾಕಾರದ ಗಾಜಿನ ಮುಚ್ಚಳ ಕವುಚುತ್ತಾರೆ, ಸುತ್ತ ನೀರಿನ ಚೀಲ ನಿಲ್ಲಿಸುತ್ತಾರೆ. ಹತ್ತೊಂಬತ್ತನೇ ಶತಮಾನದ ಪ್ಯಾರಿಸ್ ಸುತ್ತಲಿನ ತರಕಾರಿ ಬೆಳೆಗಾರರು ಕುದುರೆ ಲದ್ದಿಯ ಮೇಲೆ ಮಡಿ ಮಾಡಿ, ಅದು ಕೊಳೆಯುವಾಗ ಏಳುವ ಬಿಸಿಯಲ್ಲಿ ಪೈರು ಎಬ್ಬಿಸುತ್ತಿದ್ದರು. (ನಮ್ಮ ಟಾಂಗಾಗಳ ಊರಿನಲ್ಲೂ ಲದ್ದಿ ಸಿಗುತ್ತದೆ. ಈ ಕೆಲಸಕ್ಕೆ ಬೇಡ, ಕಾಂಪೋಸ್ಟಿಗೆ ಹಾಕಿ.)

ಈಗ ನಮ್ಮ ಕಡೆಗೆ ಬನ್ನಿ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಮಂಡ್ಯ ಅದಕ್ಕಿಂತ ತುಸು ಕೆಳಗೆ. ಮೈಸೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.7 ಡಿಗ್ರಿ. ಅದು 2012ರ ಜನವರಿ 16ರಂದು, ಸಂಕ್ರಾಂತಿಯ ಮಗ್ಗುಲಲ್ಲೇ. ದಾಖಲೆ ಮುರಿದ ಆ ದಿನ ಕೂಡ ಸೊನ್ನೆಗೂ ನಮಗೂ ನಡುವೆ ಏಳು ಡಿಗ್ರಿಗಿಂತ ಹೆಚ್ಚು ಅಂತರ ಇತ್ತು. ಹಿಮ ನೋಡಬೇಕಾದರೆ ಬಂಡೀಪುರ ದಾಟಿ ಸುಮಾರು 2,240 ಮೀಟರ್ ಎತ್ತರದ ಊಟಿಗೆ ಹೋಗಬೇಕು. ಅಲ್ಲಿ ಡಿಸೆಂಬರ್, ಜನವರಿಯಲ್ಲಿ ಹುಲ್ಲಿನ ಮೇಲೆ ಬೆಳ್ಳಗೆ ಹಿಮ ಕೂರುತ್ತದೆ, ನಮ್ಮವರು ಫೋಟೊ ತೆಗೆಸಿಕೊಂಡು ಬರುತ್ತಾರೆ. ನಮ್ಮ ತಾರಸಿಯಲ್ಲಿ ಬೀಳುವುದು ಇಬ್ಬನಿ, ನಾಲೆ ಬಯಲಿನಲ್ಲಿ ಕವಿಯುವುದು ಕಾವಳ, ಅಂದರೆ ದಟ್ಟ ಮಂಜು. ಎರಡೂ ಒದ್ದೆ, ಯಾವುದೂ ಹೆಪ್ಪುಗಟ್ಟುವುದಿಲ್ಲ.

ಹಾಗಂತ ನಮ್ಮ ಮಾಗಿ ಚಳಿ ಟೊಮೆಟೊಗೆ ಏನೂ ಮಾಡುವುದಿಲ್ಲ ಎಂದಲ್ಲ. ಈ ಗಿಡಕ್ಕೆ ತೊಂದರೆ ಸೊನ್ನೆಯಿಂದ ಶುರುವಾಗುವುದಲ್ಲ, 10–12 ಡಿಗ್ರಿಗೆ ಇಳಿದಾಗಲೇ ಶುರು. ಸಾಯುವುದಿಲ್ಲ, ನಿಧಾನವಾಗುತ್ತದೆ. ಬೀಜವನ್ನೇ ನೋಡಿ. ಮಣ್ಣಿನ ಉಷ್ಣತೆ 25ರಿಂದ 30 ಡಿಗ್ರಿ ಇದ್ದರೆ ಆರು ದಿನಕ್ಕೆ ಮೊಳಕೆ ಮೇಲೆ ಬರುತ್ತದೆ. 20 ಡಿಗ್ರಿಗೆ ಎಂಟು ದಿನ. 15ಕ್ಕೆ ಇಳಿದರೆ ಎರಡು ವಾರ. ಒಂದೇ ಸಮ 10 ಡಿಗ್ರಿಯಲ್ಲಿಟ್ಟರೆ ಆರು ವಾರ ಹಿಡಿಯುತ್ತದೆ. ಅಷ್ಟು ದಿನ ತೇವದ ಮಣ್ಣಿನಲ್ಲಿ ಬಿದ್ದಿರುವ ಬೀಜ ಉಳಿಯುವುದು ಅನುಮಾನ. ನಮ್ಮಲ್ಲಿ ಹಗಲು ಬಿಸಿಲು ಕಾಯುವುದರಿಂದ ಅಷ್ಟು ಕೆಡುವುದಿಲ್ಲ, ಎರಡು ಮೂರು ದಿನ ತಡವಾಗುತ್ತದೆ ಅಷ್ಟೆ. ಅದಕ್ಕೆ ನರ್ಸರಿಗಳಲ್ಲಿ ಬೀಜ ಹಾಕಿದ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ಪಾಲಿಥೀನ್ ಹೊದಿಸಿ ಒಳಗಿಡುತ್ತಾರೆ. ಮೊಳಕೆ ತಲೆ ಎತ್ತಿದ್ದು ಕಂಡ ಕೂಡಲೇ ಬಿಡಿಸಿ ಬೆಳಕಿಗೆ ತರುತ್ತಾರೆ. ಒಂದು ದಿನ ತಡಮಾಡಿದರೂ ಸಸಿ ಬೆಳ್ಳಗೆ ಉದ್ದುದ್ದ ಬೆಳೆದು ನಿಲ್ಲಲಾರದೆ ಹೋಗುತ್ತದೆ. ನೀವು ಮನೆಯಲ್ಲಿ ಒಂದೇ ಟ್ರೇ ಮಾಡುವವರು ಅದನ್ನು ಫ್ರಿಜ್ಜಿನ ಮೇಲಿಟ್ಟರೆ ಸಾಕು. ಬಿಸಿ ಚಾಪೆ, ಗಿಸಿ ಚಾಪೆ ಏನೂ ಬೇಡ.

ಕಷ್ಟ ಬರುವುದು ಮೊಳಕೆ ಬಂದ ಮೇಲೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮಾಗಿಯಲ್ಲಿ ಒಂದು ಬೆಳಿಗ್ಗೆ ಎಂಟೂವರೆ ಸುಮಾರಿಗೆ ನಿಮ್ಮ ಟ್ರೇ ಮುಂದೆ ಕೂತು ನೋಡಿ. ರಾತ್ರಿ 13 ಡಿಗ್ರಿ ಇತ್ತು ಅಂದುಕೊಳ್ಳಿ. ಬಿಸಿಲು ಈಗ ತಾನೆ ಬಿದ್ದಿದೆ. ನಾಲ್ಕೆಲೆ ಪೈರಿನ ಎಲೆಗಳು ತೊಟ್ಟಿನಿಂದಲೇ ಬಗ್ಗಿವೆ, ಸುಳಿ ಒಂದು ಕಡೆಗೆ ವಾಲಿದೆ. ಬೆರಳಿಟ್ಟರೆ ಮಣ್ಣು ಒದ್ದೆ, ತಣ್ಣಗೆ. ಒದ್ದೆ ಮಣ್ಣಿನಲ್ಲಿ ನಿಂತ ಸಸಿ ಬಾಡಿದ್ದೇಕೆ? ಎಲೆಗೆ ಬಿಸಿಲು ಬಿದ್ದಿದೆ, ಅದು ನೀರು ಆವಿ ಮಾಡಲು ಶುರುಮಾಡಿದೆ. ಬೇರು ಇನ್ನೂ ರಾತ್ರಿಯ ತಂಪಿನಲ್ಲೇ ಇದೆ. ತಣ್ಣಗಾದ ಬೇರಿನ ಪೊರೆಗಳು ನೀರನ್ನು ಸುಲಭವಾಗಿ ಒಳಕ್ಕೆ ಬಿಡುವುದಿಲ್ಲ, ಮೇಲಾಗಿ ತಣ್ಣೀರು ಬಿಸಿನೀರಿಗಿಂತ ಮಂದವಾಗಿ ಹರಿಯುತ್ತದೆ. ಮೇಲೆ ಖರ್ಚು ಶುರುವಾಗಿದೆ, ಕೆಳಗಿನಿಂದ ಜಮಾ ಬಂದಿಲ್ಲ. ಅಷ್ಟಕ್ಕೇ ಬಾಡಿದೆ. ಹತ್ತು, ಹತ್ತೂವರೆಗೆ ಮಣ್ಣು ಬೆಚ್ಚಗಾದ ಮೇಲೆ ತಾನಾಗಿಯೇ ಎದ್ದು ನಿಲ್ಲುತ್ತದೆ.

ಆದರೆ ನಾವು ಹತ್ತೂವರೆವರೆಗೆ ಕಾಯುವವರೇ? ಆಫೀಸಿಗೆ ಹೊರಡಬೇಕು. ‘ಅಯ್ಯೋ ಒಣಗಿದೆ’ ಅಂತ ಒಂದು ಚೊಂಬು ನೀರು ಹಾಕಿ ಹೋಗುತ್ತೇವೆ. ಸಂಜೆ ಬಂದು ನೋಡಿದರೆ ಸಸಿ ನೆಟ್ಟಗೆ ನಿಂತಿದೆ. ನಮ್ಮ ನೀರಿನಿಂದಲೇ ಎದ್ದಿತು ಎಂದು ಖುಷಿ. ಮಾರನೆಯ ದಿನವೂ ಅದೇ. ನೀರು ಹಾಕಿದ್ದಕ್ಕೂ ಸಸಿ ಎದ್ದದ್ದಕ್ಕೂ ಏನೂ ಸಂಬಂಧವಿಲ್ಲ ಎಂದು ಹೇಳುವವರು ಯಾರೂ ಅಲ್ಲಿರುವುದಿಲ್ಲ. ಹೀಗೆ ಒಂದು ವಾರ ನಡೆದರೆ ಟ್ರೇಗೆ ತುಂಬಿದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಳಗೆ ಗಾಳಿಗೆ ಜಾಗವೇ ಉಳಿಯುವುದಿಲ್ಲ.

ಆಮೇಲೆ ಬರುವುದು ಸಸಿ ಕೊಳೆ ರೋಗ. ಪಿಥಿಯಂ, ರೈಜೋಕ್ಟೋನಿಯಾ ಎಂಬ ಶಿಲೀಂಧ್ರ ಮತ್ತು ಶಿಲೀಂಧ್ರದಂಥ ಜೀವಿಗಳು ಮಣ್ಣಿನಲ್ಲಿ ಇದ್ದೇ ಇರುತ್ತವೆ. ಒದ್ದೆ ಅವುಗಳಿಗೆ ಬೇಕಾದದ್ದು. ಮಣ್ಣಿನ ಮಟ್ಟಕ್ಕೆ ಸರಿಯಾಗಿ ಕಾಂಡದ ಸುತ್ತ ನೀರು ಹೊಕ್ಕಂಥ ಕಂದು ಗೆರೆ ಮೂಡುತ್ತದೆ. ಎರಡು ದಿನದಲ್ಲಿ ಆ ಜಾಗ ನೂಲಿನಷ್ಟು ಸಣ್ಣಗಾಗಿ ಸಸಿ ಮಗ್ಗುಲಾಗಿ ಬೀಳುತ್ತದೆ. ವಿಚಿತ್ರ ಎಂದರೆ ಬಿದ್ದಾಗಲೂ ಎಲೆ ಹಸಿರಾಗೇ ಇರುತ್ತದೆ. ಅದನ್ನು ನೋಡಿ ‘ರಾತ್ರಿ ಚಳಿ ಹೊಡೆದಿದೆ’ ಎನ್ನುತ್ತೇವೆ. ಚಳಿಯ ಪಾತ್ರ ಇಲ್ಲವೇ ಇಲ್ಲ ಎನ್ನಲಾರೆ. ಈ ರೋಗ ಹಿಡಿಯುವುದು ಎಳೆ ಕಾಂಡವನ್ನು. ಕಾಂಡ ಬಲಿತರೆ ಪಾರು. ಬೇಸಿಗೆಯಲ್ಲಿ ಬೇಗ ಬಲಿಯುವ ಸಸಿ ಮಾಗಿಯಲ್ಲಿ ಆ ಎಳೆತನದಲ್ಲೇ ಹೆಚ್ಚು ದಿನ ಕಳೆಯುತ್ತದೆ. ಚಳಿ ಬಾಗಿಲು ತೆರೆದಿಡುತ್ತದೆ, ಒಳಗೆ ಬರುವುದು ನೀರು. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ರೈತರನ್ನು ಕೇಳಿ. ಹೊಗೆಸೊಪ್ಪು, ಟೊಮೆಟೊ ಒಂದೇ ಕುಟುಂಬದ ಗಿಡಗಳು. ಒಟ್ಲಿನಲ್ಲಿ, ಅಂದರೆ ಪೈರು ಎಬ್ಬಿಸುವ ಮಡಿಯಲ್ಲಿ, ನೀರು ನಿಂತರೆ ಏನಾಗುತ್ತದೆ ಅಂತ ಅವರಿಗೆ ಯಾರೂ ಪಾಠ ಹೇಳಬೇಕಿಲ್ಲ.

(ಇಲ್ಲಿ ಒಬ್ಬರು ತಾಯಿ ಎದ್ದು ಕೇಳಿದರು: ‘ಹಾಗಾದರೆ ನೀರು ಯಾವಾಗ ಹಾಕೋದು? ಸಂಜೆ ಹಾಕಿದರೆ ಒಳ್ಳೇದು ಅಂತಾರಲ್ಲ?’)

ಬೇಸಿಗೆಯಲ್ಲಿ ಸಂಜೆ ಸರಿ ಅಮ್ಮ, ಮಾಗಿಯಲ್ಲಿ ಬೇಡ. ಸಂಜೆ ಹಾಕಿದ ನೀರು ಎಲೆ ಮೇಲೂ ಮಣ್ಣಿನಲ್ಲೂ ರಾತ್ರಿಯಿಡೀ ಉಳಿಯುತ್ತದೆ, ಮೇಲಿಂದ ಇಬ್ಬನಿ ಬೇರೆ. ಹಿಮದ ಸೀಮೆಯಲ್ಲಿ ‘ಚಳಿ ರಾತ್ರಿಯ ಮುಂಚೆ ಮಣ್ಣಿಗೆ ನೀರು ಕೊಡಿ’ ಎನ್ನುವುದು ಸರಿಯಾದ ಸಲಹೆಯೇ. ಒದ್ದೆ ನೆಲ ಹಗಲು ಹೆಚ್ಚು ಶಾಖ ಹಿಡಿದಿಟ್ಟುಕೊಂಡು ರಾತ್ರಿ ನಿಧಾನವಾಗಿ ಬಿಡುತ್ತದೆ. ಅದು ಹೊಲದ ಮಾತು, ಅಡಿಗಟ್ಟಲೆ ಮಣ್ಣಿನ ಮಾತು. ನಿಮ್ಮ 98 ಗುಳಿಯ ಟ್ರೇನಲ್ಲಿ ಒಂದೊಂದು ಗುಳಿಗೆ ಒಂದು ಹಿಡಿ ಕೋಕೋಪೀಟ್ ಕೂಡ ಇಲ್ಲ. ಅದು ಹಿಡಿದಿಡುವ ಶಾಖ ರಾತ್ರಿ ಒಂಬತ್ತಕ್ಕೆ ಮುಗಿದುಹೋಗಿರುತ್ತದೆ, ಒದ್ದೆ ಮಾತ್ರ ಬೆಳಗಿನವರೆಗೆ ಉಳಿಯುತ್ತದೆ.

ಆದ್ದರಿಂದ ಬಿಸಿಲು ಏರಿದ ಮೇಲೆ, ಹತ್ತರಿಂದ ಹನ್ನೆರಡರ ಒಳಗೆ ನೀರು ಕೊಡಿ. ಹೊತ್ತು ಮುಳುಗುವಾಗ ಎಲೆ ಒಣಗಿರಬೇಕು. ಕೆಲಸಕ್ಕೆ ಹೋಗುವವರು ಮನೆಯಲ್ಲಿರುವ ಹಿರಿಯರಿಗೆ ಈ ಜವಾಬ್ದಾರಿ ಕೊಡಿ, ಅವರಿಗೂ ಬಿಸಿಲು ಕಾಸಿದಂತಾಗುತ್ತದೆ. ಇನ್ನು ಬೇಕೋ ಬೇಡವೋ ತಿಳಿಯಲು ಮೇಲಿನ ಬಣ್ಣ ನೋಡಬೇಡಿ. ಕೋಕೋಪೀಟ್ ಮೇಲ್ಪದರ ಬೇಗ ತಿಳಿ ಕಂದಾಗಿ ಒಣಗಿದಂತೆ ಕಾಣುತ್ತದೆ, ಒಳಗೆ ಹಿಂಡಿದರೆ ನೀರು ಬರುತ್ತದೆ. ನರ್ಸರಿಯ ಹೆಣ್ಣುಮಕ್ಕಳು ಮಾಡುವುದನ್ನು ಮಾಡಿ: ಟ್ರೇಯ ಒಂದು ಮೂಲೆ ಹಿಡಿದು ಎತ್ತಿ. ತೂಕ ಇದ್ದರೆ ಕೆಳಗಿಟ್ಟು ಮುಂದಕ್ಕೆ ಹೋಗಿ, ಹಗುರ ಅನಿಸಿದರೆ ನೀರು. ಎರಡು ಮೂರು ದಿನದಲ್ಲಿ ಕೈಗೆ ಗೊತ್ತಾಗಿಬಿಡುತ್ತದೆ.

ನೀರು ಎಲ್ಲಿಯದು ಎನ್ನುವುದನ್ನೂ ಗಮನಿಸಿ. ತಾರಸಿಯ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿನ ನೀರು ಬೆಳಗಿನ ಜಾವ ಗಾಳಿಯಷ್ಟೇ ತಣ್ಣಗಿರುತ್ತದೆ. ಬೋರ್‌ವೆಲ್ ನೀರು ಹಾಗಲ್ಲ, ಆಳದ ನೀರಿನ ಉಷ್ಣತೆ ವರ್ಷವಿಡೀ ಹೆಚ್ಚು ಕಡಿಮೆ ಒಂದೇ. ಮಂಡ್ಯ ಕಡೆ ಚಳಿಗಾಲದ ಬೆಳಿಗ್ಗೆ ಪಂಪು ಹಾಕಿದಾಗ ಬೋರಿನ ನೀರು ಹಬೆಯಾಡುವುದನ್ನು ನೋಡಿಲ್ಲವೇ? ಮೈಸೂರಿನ ಮನೆಯಲ್ಲಿ ಬೋರ್ ಇಲ್ಲದವರು ಒಂದು ಬಕೆಟ್ ನೀರನ್ನು ಬಿಸಿಲಿಗಿಟ್ಟು ಹನ್ನೊಂದಕ್ಕೆ ಹಾಕಿದರೆ ಆಯಿತು. ಗೀಸರ್ ನೀರು ಬೆರೆಸುತ್ತೇನೆ ಅಂದರು ಒಬ್ಬರು. ಅಷ್ಟು ಮುದ್ದು ಬೇಡ.

ಹೊದಿಕೆಯ ವಿಚಾರಕ್ಕೆ ಬರುತ್ತೇನೆ, ಬಹುಶಃ ನೀವೆಲ್ಲ ಬಂದಿರುವುದೇ ಅದಕ್ಕೆ. ನಾಳೆ ಬೆಳಿಗ್ಗೆ ಆರಕ್ಕೆ ಎದ್ದು ನಿಮ್ಮ ಬೀದಿಯ ಸ್ಕೂಟರುಗಳನ್ನು ನೋಡಿ. ಬಯಲಿನಲ್ಲಿ ನಿಲ್ಲಿಸಿದ್ದರ ಸೀಟು ಪೂರ್ತಿ ಒದ್ದೆ. ಪೋರ್ಟಿಕೊ ಕೆಳಗೋ ಹೊಂಗೆ ಮರದ ಕೆಳಗೋ ನಿಲ್ಲಿಸಿದ್ದು ಒಣಗಿದೆ. ಗಾಳಿ ಎರಡಕ್ಕೂ ಒಂದೇ, ಚಳಿಯೂ ಒಂದೇ. ಬಯಲಿನ ಸೀಟಿಗೆ ಆಕಾಶ ನೇರ ಕಾಣುತ್ತದೆ, ಅದು ಶಾಖ ಕಳೆದುಕೊಂಡು ಗಾಳಿಗಿಂತ ತಣ್ಣಗಾಗಿ ಇಬ್ಬನಿಯನ್ನು ಸೆಳೆದಿದೆ. ನಿಮ್ಮ ಸಸಿಗೂ ಅಷ್ಟೇ. ರಾತ್ರಿ ಹೊತ್ತು ಟ್ರೇಯನ್ನು ಕಿಟಕಿಯ ಸಜ್ಜೆ ಕೆಳಗೆ, ಅದರಲ್ಲೂ ಸಂಜೆ ಬಿಸಿಲು ಕುಡಿದ ಪಶ್ಚಿಮದ ಗೋಡೆಗೆ ಒತ್ತಿ ಇಟ್ಟರೆ ಎಲೆಯೂ ತೀರಾ ತಣ್ಣಗಾಗುವುದಿಲ್ಲ, ಇಬ್ಬನಿಯೂ ಕೂರುವುದಿಲ್ಲ. ಮೈಸೂರಿನ ಚಳಿಗೆ ಇದರಾಚೆಯ ರಕ್ಷಣೆ ವರ್ಷದಲ್ಲಿ ನಾಲ್ಕಾರು ರಾತ್ರಿ ಬೇಕಾದರೆ ಹೆಚ್ಚು.

ಆ ನಾಲ್ಕಾರು ರಾತ್ರಿ, ಅಂದರೆ ಹವಾಮಾನ ವರದಿಯಲ್ಲಿ 11–12 ಡಿಗ್ರಿ ಅಥವಾ ಕೆಳಗೆ ಅಂದಾಗ, ಹಳೇ ಪಂಚೆಯೋ ಕಾಟನ್ ಸೀರೆಯೋ ಸಾಕು. ಬಿದಿರಿನ ದಬ್ಬೆ ಬಗ್ಗಿಸಿ ಕಮಾನು ಮಾಡಿ ಅದರ ಮೇಲೆ ಹೊದಿಸಿ. ಬಟ್ಟೆ ಎಲೆಗೆ ತಾಗಬಾರದು, ಅಂಚು ನೆಲ ಮುಟ್ಟಬೇಕು. ಅಂಚು ಎತ್ತರದಲ್ಲಿ ಹಾರಾಡುತ್ತಿದ್ದರೆ ನೆಲದಿಂದ ಮೇಲೆ ಬರುವ ಶಾಖ ಪಕ್ಕದಿಂದ ಹೊರಟುಹೋಗುತ್ತದೆ. ಬೆಳಿಗ್ಗೆ ಬಿಸಿಲು ಬಂದ ಕೂಡಲೇ ತೆಗೆಯಿರಿ.

ಪ್ಲಾಸ್ಟಿಕ್ ಹೊದಿಸುವವರಿಗೆ ಒಂದು ಎಚ್ಚರ. ಕೆನಡಾದ ಮೋಡ ಕವಿದ ಏಪ್ರಿಲ್‌ನಲ್ಲಿ ಪಾರದರ್ಶಕ ಪ್ಲಾಸ್ಟಿಕ್ಕಿನ ಗುಡಾರ ದಿನವಿಡೀ ಇದ್ದರೂ ನಡೆಯುತ್ತದೆ. ನಮ್ಮ ಜನವರಿ ಬಿಸಿಲು ಹಾಗಲ್ಲ. ಹತ್ತು ಗಂಟೆಗೆ ಮರೆತು ಬಿಟ್ಟರೆ ಹನ್ನೊಂದೂವರೆಗೆ ಒಳಗೆ ಕೈಯಿಟ್ಟು ನೋಡಿ, ಸಸಿ ಬೇಯುತ್ತಿರುತ್ತದೆ. ರಾತ್ರಿ ಅದರ ಒಳಮೈಯಿಂದ ನೀರು ತೊಟ್ಟಿಕ್ಕಿ ಮತ್ತೆ ಒದ್ದೆ. ನೀರಿನ ಬಾಟಲಿ ಕತ್ತರಿಸಿ ಮುಚ್ಚುವ ಅಭ್ಯಾಸ ಇದ್ದರೆ ಮುಚ್ಚಳವನ್ನಾದರೂ ತೆಗೆದಿಡಿ.

ಇನ್ನು ಸಸಿಯ ಸುತ್ತ ನೀರು ತುಂಬಿದ ಬಾಟಲಿ ನಿಲ್ಲಿಸುವುದು. ಇದರ ಲೆಕ್ಕ ಸ್ವಾರಸ್ಯವಾಗಿದೆ. ಒಂದು ಲೀಟರ್ ನೀರು ಮಂಜುಗಡ್ಡೆಯಾಗುವಾಗ ಸುಮಾರು 334 ಕಿಲೋಜೂಲ್ ಶಾಖ ಹೊರಬಿಡುತ್ತದೆ. ಹಿಮದ ರಾತ್ರಿ ಸಸಿಯನ್ನು ಕಾಯುವುದು ಮುಖ್ಯವಾಗಿ ಆ ಶಾಖ. ನಮ್ಮಲ್ಲಿ ನೀರು ಗಡ್ಡೆಯಾಗುವ ಪ್ರಶ್ನೆಯೇ ಇಲ್ಲ. 25 ಡಿಗ್ರಿಯ ನೀರು 15ಕ್ಕೆ ಇಳಿದರೆ ಲೀಟರಿಗೆ 42 ಕಿಲೋಜೂಲ್ ಸಿಗುತ್ತದೆ, ಎಂಟನೇ ಒಂದು ಪಾಲು. ಹಾನಿಯಿಲ್ಲ, ಆದರೆ ಖಾಲಿ ಬಾಟಲಿ ಹುಡುಕಿಕೊಂಡು ಊರು ಸುತ್ತುವಷ್ಟು ಲಾಭವೂ ಇಲ್ಲ.

(ಪಾಂಡವಪುರ ಕಡೆಯಿಂದ ಬಂದಿದ್ದ ರೈತರೊಬ್ಬರು: ‘ಅಣ್ಣ, ನಾವು ಒಟ್ಲು ಪಕ್ಕ ರಾತ್ರಿ ತರಗು ಸುಟ್ಟು ಹೊಗೆ ಹಾಕ್ತೀವಿ. ಅದು ಸರಿನಾ?’)

ಬೆಂಕಿಯ ಬಿಸಿ ಹತ್ತಿರದವರಿಗೆ ತಾಗುತ್ತದೆ, ಆದರೆ ಹೊಗೆ ಶಾಖವನ್ನು ಅಷ್ಟಾಗಿ ತಡೆಯುವುದಿಲ್ಲಣ್ಣ. ನಿಮ್ಮದು ನಾಲೆ ಬಯಲು. ವಿಶ್ವೇಶ್ವರಯ್ಯ ನಾಲೆ ನೀರಿನ ಗದ್ದೆ, ಸುತ್ತ ಕಬ್ಬು. ನಿಮ್ಮ ತೊಂದರೆ ಬೇರೆ. ತಣ್ಣನೆ ಗಾಳಿ ಭಾರ, ಅದು ತಗ್ಗಿಗೆ ಇಳಿದು ಕಬ್ಬಿನ ನಡುವೆ ನಿಲ್ಲುತ್ತದೆ. ಕಾವಳ ಒಂಬತ್ತಾದರೂ ಏಳುವುದಿಲ್ಲ. ಗದ್ದೆಯ ಜಿಗುಟು ಮಣ್ಣು ನೀರು ಬಿಡುವುದಿಲ್ಲ, ಬೇಗ ಬೆಚ್ಚಗೂ ಆಗುವುದಿಲ್ಲ. ಅಲ್ಲಿ ಹೊಗೆ ಹಾಕುವ ಬದಲು ಒಟ್ಲನ್ನೇ ಮೇಲಕ್ಕೆ ತನ್ನಿ. ಮನೆ ಹತ್ತಿರದ ದಿಬ್ಬದಲ್ಲಿ, ಕೆಮ್ಮಣ್ಣಿದ್ದರೆ ಇನ್ನೂ ಒಳ್ಳೆಯದು, ಅರ್ಧ ಅಡಿ ಎತ್ತರದ ಏರು ಮಡಿ ಮಾಡಿ. ಬೀಜ ಹಾಕಿ ಹುಲ್ಲು ಮುಚ್ಚಿದರೆ ಮೊಳಕೆ ಕಂಡ ದಿನವೇ ಹುಲ್ಲು ತೆಗೆಯಿರಿ. ಮಡಿಯ ಮೇಲೆ ಹುಲ್ಲು ಉಳಿದರೆ ಹಗಲಿನ ಬಿಸಿಲು ಮಣ್ಣಿಗೆ ಇಳಿಯುವುದಿಲ್ಲ. ತರಗನ್ನು ಸುಡಬೇಡಿ, ನಾಟಿಯಾದ ಮೇಲೆ ಫೆಬ್ರವರಿ ಕೊನೆಗೆ ಸಾಲಿಗೆ ಹೊದಿಸಲು ಬೇಕಾಗುತ್ತದೆ. ಆ ಹೊತ್ತಿಗೆ ನಿಮಗೆ ನೆಲ ತಂಪಾಗಿರಬೇಕು, ಈಗ ಬೆಚ್ಚಗಿರಬೇಕು.

(ನಿವೃತ್ತ ಅಧಿಕಾರಿಯೊಬ್ಬರು ಒಂದು ಸಸಿಯನ್ನೇ ತಂದಿದ್ದರು. ಎಲೆಯ ಅಡಿಭಾಗ, ನರಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು. ಅಂಗಡಿಯಲ್ಲಿ ರಂಜಕದ (ಫಾಸ್ಫರಸ್) ಕೊರತೆ ಎಂದು ಡಿಎಪಿ ಗೊಬ್ಬರ ಕೊಟ್ಟಿದ್ದರಂತೆ.)

ಅಂಗಡಿಯವರು ಹೇಳಿದ್ದು ಅರ್ಧ ನಿಜ ಸಾರ್. ಇದು ರಂಜಕದ ಕೊರತೆಯ ಬಣ್ಣವೇ. ಆದರೆ ಕೊರತೆ ಮಣ್ಣಿನಲ್ಲಿಲ್ಲ. ತಣ್ಣನೆ ಮಣ್ಣಿನಲ್ಲಿ ರಂಜಕ ಇದ್ದರೂ ಬೇರು ಅದನ್ನು ಎಳೆದುಕೊಳ್ಳಲಾರದು. ಇನ್ನಷ್ಟು ಸುರಿದರೆ ಏನು ಬಂತು? ಸಣ್ಣ ಕುಂಡದಲ್ಲಿ ಉಪ್ಪು ಹೆಚ್ಚಾಗಿ ಬೇರು ಸುಡುತ್ತದೆ. ಸಸಿಯನ್ನು ಬೆಚ್ಚಗಿನ ಜಾಗಕ್ಕೆ ಸರಿಸಿ, ನೀರು ಕಡಿಮೆ ಮಾಡಿ, ಹತ್ತು ದಿನ ಬಿಡಿ. ಹೊಸ ಎಲೆ ಹಸಿರಾಗಿ ಬರುತ್ತದೆ. ಹಳೆಯವು ನೇರಳೆಯಾಗೇ ಉಳಿದರೂ ಚಿಂತೆಯಿಲ್ಲ. ಯೂರಿಯಾ ಅಂತೂ ಈ ಕಾಲದಲ್ಲಿ ಪೈರಿಗೆ ತೋರಿಸಲೇಬೇಡಿ.

(‘ಇಷ್ಟೆಲ್ಲ ರಗಳೆ ಯಾಕೆ, ಶಿವರಾತ್ರಿ ಕಳೆದ ಮೇಲೆ ಬೀಜ ಹಾಕಿದರೆ ಆಗಲ್ವಾ?’ ಎಂದು ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು.)

ಇವತ್ತಿನ ಒಳ್ಳೇ ಪ್ರಶ್ನೆ ಇದು. ಸೋಫಿಯ ಊರಿನವರು ಕಾಯುವುದು ಅದಕ್ಕೇ ಅಲ್ಲವೇ? ಆದರೆ ಅವರು ಕಾದರೆ ಮುಂದೆ ಸಿಗುವುದು ಹಿತವಾದ ಬೇಸಿಗೆ. ನಾವು ಕಾದರೆ ಸಿಗುವುದು ಏಪ್ರಿಲ್. ಶಿವರಾತ್ರಿಗೆ ಬೀಜ ಹಾಕಿದರೆ ನಾಟಿ ಮಾರ್ಚ್ ಕೊನೆಗೆ, ಹೂವು ಏಪ್ರಿಲ್ ಕೊನೆ, ಮೇಗೆ. ಹಗಲು 35 ಡಿಗ್ರಿ ದಾಟಿದರೆ ಹೂವು ಉದುರುತ್ತದೆ. ಅದಕ್ಕಿಂತ ದೊಡ್ಡ ಕಾಟ ಬಿಳಿ ನೊಣ. ಬೇಸಿಗೆಯಲ್ಲಿ ಅದು ಹೆಚ್ಚಿ ಎಲೆ ಮುಟುರು ನಂಜನ್ನು (ವೈರಸ್) ಗಿಡದಿಂದ ಗಿಡಕ್ಕೆ ಹರಡುತ್ತದೆ. ಎಳೆಯದರಲ್ಲಿ ನಂಜು ತಗುಲಿದ ಗಿಡ ಕಾಯಿ ಕೊಡುವುದಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ತಳಿಗೆ ಈ ನಂಜು, ದುಂಡಾಣು ಸೊರಗು, ಎಲೆ ಅಂಗಮಾರಿ ಮೂರಕ್ಕೂ ನಿರೋಧ ಶಕ್ತಿ ಇದೆ, ಬೇಸಿಗೆಗೆ ಹೋಗುವವರು ಅದನ್ನು ನೋಡಬಹುದು. ಆದರೂ ನನ್ನ ಮಾತು ಕೇಳುವುದಾದರೆ, ಸಂಕ್ರಾಂತಿ ಆಸುಪಾಸಿನಲ್ಲೇ ಬೀಜ ಹಾಕಿ. ಚಳಿಯ ಕೊನೆಯ ಪಾಲನ್ನು ಪೈರು ಟ್ರೇನಲ್ಲಿ, ನಿಮ್ಮ ಕಣ್ಣ ಮುಂದೆ ಕಳೆಯಲಿ. ರಥಸಪ್ತಮಿ ಕಳೆದು ಬಿಸಿಲು ಏರುವಾಗ ನಾಟಿಯಾಗಲಿ. ಬೇಸಿಗೆಯ ಕಾಟ ಜೋರಾಗುವ ಹೊತ್ತಿಗೆ ಮೊದಲ ಕೊಯ್ಲು ಸಿಕ್ಕಿರುತ್ತದೆ. ಚಳಿಯನ್ನು ಪೂರ್ತಿ ತಪ್ಪಿಸಿಕೊಂಡು ಟೊಮೆಟೊ ಬೆಳೆಯುವುದು ಇಲ್ಲಿ ದುಬಾರಿ. ಟ್ರೇಗೆ ಸಣ್ಣ ಕಣ್ಣಿನ ನೈಲಾನ್ ಪರದೆ ಕಟ್ಟಿದರೆ ಬಿಳಿ ನೊಣವೂ ದೂರ, ಇಬ್ಬನಿಯೂ ಎಲೆ ಮೇಲೆ ಕಡಿಮೆ.

ನಾಟಿಗೆ ಮುಂಚಿನ ನಾಲ್ಕೈದು ದಿನ ಪೈರನ್ನು ಗಟ್ಟಿ ಮಾಡಿ. ನರ್ಸರಿಯಿಂದ ತಂದದ್ದಾದರೆ ಇದು ಇನ್ನೂ ಮುಖ್ಯ, ಪಾಲಿಹೌಸಿನ ನೆರಳಿನಲ್ಲಿ ಬೆಳೆದದ್ದು ಅದು. ಮೊದಲ ದಿನ ಬೆಳಗಿನ ಎಳೆ ಬಿಸಿಲು, ಆಮೇಲೆ ದಿನಕ್ಕೆ ಸ್ವಲ್ಪ ಹೆಚ್ಚು, ಜೊತೆಗೆ ನೀರು ಕಡಿಮೆ. ಕಾಂಡ ತುಸು ಬಣ್ಣ ತಿರುಗಿ ಗಡುಸಾಗುತ್ತದೆ. ನೆಡುವಾಗ ಬುಡದ ಎರಡು ಎಲೆ ಚಿವುಟಿ ಆಳಕ್ಕೆ ನೆಡಿ, ಮಣ್ಣಿನೊಳಗೆ ಹೋದ ಕಾಂಡದಿಂದ ಬೇರು ಹೊರಡುತ್ತದೆ. ತಂಪು ಸೀಮೆಯವರು ಸಸಿಯನ್ನು ಅಡ್ಡ ಮಲಗಿಸಿ ನೆಡುವುದನ್ನು ನೋಡಿರುತ್ತೀರಿ. ಅಲ್ಲಿ ಆಗ ಮೇಲ್ಮಣ್ಣು ಮಾತ್ರ ಬೆಚ್ಚಗೆ, ಕೆಳಗೆ ಇನ್ನೂ ಚಳಿ, ಅದಕ್ಕೆ. ನಮ್ಮಲ್ಲಿ ನೆಟ್ಟಗೆ ನೆಡಿ, ಬೇರು ಆಳಕ್ಕೆ ಹೋದಷ್ಟೂ ಏಪ್ರಿಲ್‌ನಲ್ಲಿ ಉಪಕಾರ.

ದೀಪಾವಳಿ ಸುಮಾರಿಗೆ ನೆಟ್ಟು ಈಗಾಗಲೇ ಹೂ ಬಿಟ್ಟಿರುವ ಗಿಡ ಇದ್ದವರಿಗೆ ಒಂದೇ ಮಾತು. ರಾತ್ರಿ 13 ಡಿಗ್ರಿಗಿಂತ ಕೆಳಗಿಳಿದರೆ ಪರಾಗ ಸರಿಯಾಗುವುದಿಲ್ಲ. ಕೆಲವು ಹೂವು ಉದುರುತ್ತದೆ, ಕೆಲವು ಕಾಯಿ ಸೊಟ್ಟಗೆ, ಗಾಯದ ಗೆರೆಯೊಂದಿಗೆ ಬರುತ್ತದೆ. ಅದು ರೋಗವಲ್ಲ, ಔಷಧಿ ಹೊಡೆಯಬೇಡಿ, ಸಾರಿಗೆ ಚೆನ್ನಾಗೇ ಇರುತ್ತದೆ.

ಕೊನೆಗೆ ಸಂಘಟಕರ ವಿಷಯಕ್ಕೆ ನ್ಯಾಯ ಸಲ್ಲಿಸಬೇಕಲ್ಲ, ವಸಂತದ ಕೊನೆ. ಏಪ್ರಿಲ್, ಮೇನಲ್ಲಿ ನಮ್ಮ ಸಸಿಗೆ ಬರುವ ಒಂದೇ ಒಂದು ತಣ್ಣನೆ ಆಪತ್ತು ಆಲಿಕಲ್ಲು. ಮಧ್ಯಾಹ್ನ ಕಾದು, ಸಂಜೆ ಗುಡುಗು ಗಾಳಿಯೊಂದಿಗೆ ಬರುತ್ತದೆ. ಬೇಸಿಗೆಗೆ ಕಟ್ಟಿದ ನೆರಳು ಪರದೆಯನ್ನು ಇಳಿಜಾರಾಗಿ, ಬಿಗಿಯಾಗಿ ಕಟ್ಟಿದ್ದರೆ ಅದೇ ತಡೆಯುತ್ತದೆ. ಸಡಿಲ ಇದ್ದರೆ ಕಲ್ಲು ತುಂಬಿ ಸಸಿಯ ಮೇಲೇ ಜೋತುಬೀಳುತ್ತದೆ. ಹೊಡೆತ ಬಿದ್ದ ಮಾರನೆ ದಿನ ಎಲೆ ಒಣಗಿದ ಮೇಲೆ ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ ಸಿಂಪಡಿಸಿ, ಗಾಯಕ್ಕೆ ರೋಗ ಕೂರದಿರಲಿ. ಒಂದು ವಾರ ಗೊಬ್ಬರ ಬೇಡ. ಸುಳಿ ಮುರಿದಿದ್ದರೂ ಕೆಳಗೆ ಎರಡು ಒಳ್ಳೇ ಎಲೆ ಉಳಿದಿದ್ದರೆ ಕೀಳಬೇಡಿ, ಎಲೆಯ ಕಂಕುಳಿಂದ ಹೊಸ ಚಿಗುರು ಬರುತ್ತದೆ, ಅದನ್ನೇ ಮುಖ್ಯ ಕಾಂಡ ಮಾಡಿ ಕೋಲಿಗೆ ಕಟ್ಟಿಕೊಳ್ಳಿ. ಎಲೆಯೂ ಇಲ್ಲದೆ ಮೋಟು ನಿಂತಿದ್ದನ್ನು ಕಿತ್ತುಬಿಡಿ. ಆ ಜಾಗಕ್ಕೆ ಮೇನಲ್ಲಿ ಮತ್ತೆ ಟೊಮೆಟೊ ಬೇಡ, ಬೆಂಡೆ ಬೀಜ ಊರಿ.